ಉದ್ದ ತೋಳಿನ ಅಂಗಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಆಸ್ಪತ್ರೆಯ ಕೆಲಸ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೆ ಕಾಲುಗಳನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿಡು. ನಾನು ಗಟ್ಟಿಯಾಗಿದ್ದೇನೆ. ಸೂಜಿಯ ಕಣ್ಣೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣಿಸುತ್ತದೆ. ಬೇಡದ್ದಂತೂ ಇನ್ನೂ ಚೆನ್ನಾಗಿ ಕಾಣಿಸುತ್ತದೆ ಎಂದು ನಿಮ್ಮಮ್ಮನ ದೂರು.

ಯುದ್ಧಕ್ಕೆ ಹೊರಟ ದಿನ ನಿನ್ನ ಸಿಪಾಯಿ ಮದುವೆಯ ಮಾತೆತ್ತಿದ, ನೀನು ‘ನೋಡೋಣ’ ಎಂದು ಕಳಿಸಿದೆ ಅಂತ ಅವಳೇ ಹೇಳಿದಳು. ಮೂರು ತಿಂಗಳಿಂದ ಅವನ ಕಾಗದಗಳಿಗೂ ಉತ್ತರವಿಲ್ಲವಂತೆ. ಬೈಯುವುದಕ್ಕೆ ಬರೆಯುತ್ತಿಲ್ಲ ಮಗಳೇ. ಈ ‘ನೋಡೋಣ’ ನಮ್ಮ ಮನೆಯ ಆಸ್ತಿ, ನನ್ನಿಂದಲೇ ನಿನಗೆ ಬಂದದ್ದು.

ನಿಮ್ಮಜ್ಜ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು, ನಾನು ಗುಂಡಿಗಳಿಗೆ ಕಾಜ ಹೊಲಿಯುವವಳು. ಅವರ ತೋಳು ಎಷ್ಟು ಉದ್ದವೆಂದರೆ, ಮೇಜಿನ ಆಚೆ ತುದಿಯಲ್ಲಿದ್ದ ಸೀಮೆಸುಣ್ಣ ಕೂತಲ್ಲಿಂದಲೇ ಎಟುಕುತ್ತಿತ್ತು. ಕಿಟಕಿಯ ಬಿಸಿಲು ನನ್ನ ಕಣ್ಣಿಗೆ ಹೊಡೆದರೆ ಅದೇ ಕೈ ಚಾಚಿ ಪರದೆ ಎಳೆಯುತ್ತಿದ್ದರು, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಬಾಯಿಬಿಟ್ಟಿದ್ದು ಸೈನ್ಯಕ್ಕೆ ಹೊರಟ ದಿನ. “ನನ್ನನ್ನ ಮದುವೆ ಆಗ್ತೀಯಾ?” ಅಂದರು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲಿಲ್ಲ. “ನೋಡೋಣ” ಅಂದುಬಿಟ್ಟೆ. ಅವರು ತಲೆಯಾಡಿಸಿ, ಕತ್ತರಿಯನ್ನು ಮೊಳೆಗೆ ತೂಗುಹಾಕಿ ಹೊರಟುಹೋದರು.

ಕಾಗದ ಬರೆಯೋಣವೆಂದರೆ ವಿಳಾಸ ಇದ್ದದ್ದು ಅಂಗಡಿಯ ಯಜಮಾನರ ಹತ್ತಿರ. ಅವರ ಕಿವಿಗೆ ಬಿದ್ದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ಅಷ್ಟರಲ್ಲಿ ಸೈನ್ಯದ ಐನೂರು ಅಂಗಿಗಳು ನಮ್ಮಲ್ಲಿಗೆ ಹೊಲಿಗೆಗೆ ಬಂದವು. ಅವುಗಳಲ್ಲಿ ಅಷ್ಟು ಉದ್ದ ತೋಳಿನದು ಒಂದೇ ಒಂದು. ಇದು ಅವರದ್ದೇ, ಇನ್ಯಾರಿಗೆ ಆದೀತು ಎಂದುಕೊಂಡೆ. ದರ್ಜಿಯ ಬುದ್ಧಿ ನೋಡು, ನಮಗೆ ಅಳತೆಯೇ ವಿಳಾಸ! ‘ಕತ್ತರಿ ಮಾಸ್ತರರೇ, ಹೂಂ. ಇಂತಿ ಕಾಜದವಳು’ ಎಂದು ಚೀಟಿ ಬರೆದು ಜೇಬಿನ ಮಡಿಕೆಯೊಳಗಿಟ್ಟು ಸಡಿಲವಾಗಿ ಹೊಲಿದೆ. ಒಂದೂವರೆ ವರ್ಷ ಏನೂ ಬರಲಿಲ್ಲ.

ಆ ಅಂಗಿ ಯಾರೋ ಗಿಡ್ಡನ ಪಾಲಿಗೆ ಬಿದ್ದಿತ್ತು. ಸೈನ್ಯದಲ್ಲಿ ಕೈಗೆ ಸಿಕ್ಕಿದ್ದೇ ಅಳತೆಯಂತೆ. ಪುಣ್ಯಾತ್ಮ, ಚೀಟಿ ಎಸೆಯಲಿಲ್ಲ. ಹಿಂಬದಿಗೆ ‘ನಾನಲ್ಲ’ ಎಂದು ಬರೆದು ಇನ್ನೊಂದು ತುಕಡಿಯ ದರ್ಜಿಗೆ ದಾಟಿಸಿದ. ಅವನೂ ‘ನಾನಲ್ಲ’ ಎಂದು ಬರೆದು ಮುಂದೆ ಕಳಿಸಿದ. ಹೀಗೆ ಕೈಯಿಂದ ಕೈಗೆ ಸಾಗಿ, ಕಾಲಿಗೆ ಗುಂಡು ತಗುಲಿ ಮಲಗಿದ್ದ ನಿಮ್ಮಜ್ಜನ ಹಾಸಿಗೆಗೆ ಬಂತು. ಅಲ್ಲಿಯವರೆಗೆ, ಗುಣವಾದ ಮೇಲೆ ನಮ್ಮ ಬೀದಿಯ ಕಡೆ ತಲೆ ಹಾಕಬಾರದು, ಬೇರೆ ಊರಿನಲ್ಲಿ ಕೆಲಸ ಹುಡುಕಬೇಕು ಎಂದು ತೀರ್ಮಾನಿಸಿದ್ದರಂತೆ. ಕುಂಟುತ್ತಾ ಅಂಗಡಿಗೆ ಬಂದು ಚೀಟಿಯನ್ನು ನನ್ನ ಮುಂದಿಟ್ಟರು. ಒಂಬತ್ತು ಕೈಬರಹದಲ್ಲಿ ಒಂಬತ್ತು ‘ನಾನಲ್ಲ’. ಕೆಳಗೆ, ಬಟ್ಟೆಯ ಮೇಲೆ ದಿನವೂ ನೋಡುತ್ತಿದ್ದ ಅವರ ಓರೆ ಅಕ್ಷರದಲ್ಲಿ ‘ನಾನೇ’. ಯಜಮಾನರ ಎದುರೇ ಗೊಳೋ ಎಂದು ಅತ್ತೆ.

ಆ ಒಂಬತ್ತು ಜನರಲ್ಲಿ ಎಷ್ಟು ಮಂದಿ ಮನೆಗೆ ಮರಳಿದರೋ ಗೊತ್ತಿಲ್ಲ. ನಾವಿಬ್ಬರು ನಲವತ್ತೊಂದು ವರ್ಷ ಬಾಳಿದೆವು. ಅವರು ಹೋದ ಮೇಲೆ ನನಗೆ ಸಂಕಟವಾಗುವುದು ಆ ಒಂದೂವರೆ ವರ್ಷಕ್ಕೆ. ಯಾರೂ ತನಗಾಗಿ ಕಾಯುತ್ತಿಲ್ಲ ಎಂದುಕೊಂಡೇ ಅಷ್ಟು ದಿನ ಗುಂಡಿನೆದುರು ನಿಂತಿದ್ದರಲ್ಲ ಗುಬ್ಬೀ.

ಹೊಟ್ಟೆ ತುಂಬ ಉಣ್ಣು. ನಿನಗೂ ನಿನ್ನ ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ.

ನಿನ್ನ ಅಜ್ಜಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಇದರ ಜೊತೆ ಒಂದು ಖಾಲಿ ಲಕೋಟೆ ಇದೆ. ನಿನ್ನ ಸಿಪಾಯಿಯ ವಿಳಾಸ ನಿನ್ನ ಹತ್ತಿರವಿದೆ ಅಂತ ಗೊತ್ತು, ಆದರೂ ಅವನ ತಾಯಿಯನ್ನು ಕೇಳಿ ನಾನೇ ಬರೆದು, ಅಂಚೆಚೀಟಿಯನ್ನೂ ಅಂಟಿಸಿದ್ದೇನೆ. ಇವತ್ತೇ ಒಂದು ಮಾತು ಬರೆದು ಹಾಕು. ಹೂಂ ಆದರೂ ಸರಿ, ಊಹೂಂ ಆದರೂ ಸರಿ. ‘ನೋಡೋಣ’ ಮಾತ್ರ ಬೇಡ.