ಹಸಿರು ಗೌನಿನ ಬೆನ್ನು

ಮನೆಯ ಮಹಡಿ ಕೋಣೆಯಿಂದ,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಅಳಿಯಂದಿರಿಗೆ ಹೊಸ ಕನ್ನಡಕ ಬಂದಿದೆಯಂತೆ, ಇನ್ನಾದರೂ ಹುಡುಕುವ ವಸ್ತು ಅವರ ಕಣ್ಣಿಗೆ ಬೀಳಲಿ. ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಿಮ್ಮಪ್ಪನ ಸುದ್ದಿ ಬರೆಯಬೇಡ ಎಂದಿದ್ದೆ ನೀನು. ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಹಾಳೆ ಮಡಚಿಟ್ಟು, ಒಂದು ಲೋಟ ನೀರು ಕುಡಿದು ಬಂದು ಮುಂದಕ್ಕೆ ಓದು.

ಕಳೆದ ವಾರ ಮ್ಯೂಸಿಯಂನವರು ಕಾರು ಕಳಿಸಿ ನಮ್ಮಿಬ್ಬರನ್ನೂ ಕರೆಸಿಕೊಂಡರು. ಉಡುಪು ಮತ್ತು ಚಿತ್ರಕಲೆ ಅಂತ ಒಂದು ಪ್ರದರ್ಶನ. ನಿಮ್ಮಪ್ಪ ದೊಡ್ಡ ಮನೆಯ ಹೆಂಗಸರಿಗೆ ಬರೆದುಕೊಟ್ಟ ಭಾವಚಿತ್ರಗಳನ್ನೆಲ್ಲ ಹುಡುಕಿ ತಂದು, ಒಂದೊಂದರ ಪಕ್ಕದಲ್ಲೂ ಅದರಲ್ಲಿರುವ ಗೌನನ್ನೇ ತಲೆಯಿಲ್ಲದ ಬೊಂಬೆಗೆ ತೊಡಿಸಿ ನಿಲ್ಲಿಸಿದ್ದಾರೆ. ಆ ತಲೆಯಿಲ್ಲದವರ ಸಾಲು ನೋಡಿ ನನಗೆ ಬಳಗದವರನ್ನು ಕಂಡ ಹಾಗಾಯಿತು.

ನಿನಗೆ ನೆನಪಿದೆಯಲ್ಲ, ಆ ಹೆಂಗಸರು ಮುಖ ಬರೆಸಿಕೊಳ್ಳಲು ಎರಡು ಸಲ ಬಂದರೆ ಹೆಚ್ಚು. ರೇಷ್ಮೆಯ ನೆರಿಗೆ ಬರೆಯಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಕೂರಲು ಅವರಿಗೆಲ್ಲಿ ಪುರುಸೊತ್ತು? ಗೌನು ಡಬ್ಬದಲ್ಲಿ ಬರುತ್ತಿತ್ತು, ದರ್ಜಿಯಮ್ಮ ಸಡಿಲವಿದ್ದ ಕಡೆ ಗುಂಡುಪಿನ್ನು ಚುಚ್ಚಿ ನನ್ನ ಅಳತೆಗೆ ತರುತ್ತಿದ್ದಳು, ಅವರ ಬದಲು ನಾನು ಕೂರುತ್ತಿದ್ದೆ. ಒಂದು ವರ್ಷ ಉಬ್ಬಿದ ತೋಳು, ಇನ್ನೊಂದು ವರ್ಷ ಕತ್ತು ಹಿಸುಕುವ ಕಾಲರು. ಬೀದಿಗೆ ಕಾಲಿಡದೆ ಊರಿನ ಫ್ಯಾಷನ್ನನ್ನೆಲ್ಲ ತೊಟ್ಟು ಮೆರೆದವಳು ನಾನೊಬ್ಬಳೇ. ಕೈ ಅಲುಗಿಸುವಂತಿಲ್ಲ ಅಂತ ನೀನು ಸ್ಟೂಲು ಹತ್ತಿ ಚಮಚದಲ್ಲಿ ನನಗೆ ಊಟ ಮಾಡಿಸುತ್ತಿದ್ದೆ. ಒಂದು ಹನಿ ಬಿದ್ದರೂ ನಮ್ಮ ಕಥೆ ಮುಗಿಯುತ್ತಿತ್ತು. ಅರ್ಧ ಗಂಟೆಗೊಮ್ಮೆ ನಿಮ್ಮಪ್ಪ ಕುಂಚ ಕೆಳಗಿಟ್ಟು, "ಇವಳೇ, ಕೈ ನೋಯ್ತಾ?" ಎಂದು ಕೇಳುತ್ತಿದ್ದರು. ನೋಯುತ್ತಿತ್ತು, ಇಲ್ಲ ಎನ್ನುತ್ತಿದ್ದೆ.

ಹಸಿರು ಗೌನು ಬಂದ ವರ್ಷ ಫ್ಯಾಷನ್ನೆಲ್ಲ ಬೆನ್ನ ಮೇಲಿತ್ತು. ಕತ್ತಿನಿಂದ ನೆಲದವರೆಗೆ ನೆರಿಗೆ. ಹಾಗಾಗಿ ನನ್ನನ್ನು ಬೆನ್ನು ಮಾಡಿ ನಿಲ್ಲಿಸಿ ಬರೆದು, ಹೆಗಲ ಮೇಲಿಂದ ಹೊರಳಿ ನೋಡುವ ಮುಖ ಮಾತ್ರ ಗಿರಣಿ ಯಜಮಾನರ ಹೆಂಡತಿಯದನ್ನು ಇಟ್ಟರು. ನೀನು ಮನೆ ಬಿಟ್ಟುಹೋದ ದಿನ ಆ ಚಿತ್ರದ ಕಡೆಗೇ ಕೈ ತೋರಿಸಿ ಕೇಳಿದೆ: "ಇಷ್ಟು ವರ್ಷ ಅಮ್ಮನ್ನ ನಿಲ್ಸಿದ್ರಲ್ಲಪ್ಪ, ಒಂದು ಸಲ ಆದ್ರೂ ಅವಳ ಮುಖ ಬರೆದ್ರಾ?" ಅವರು ಕುಂಚ ತೊಳೆಯುತ್ತ ಕೂತರು. ನೀನು ಮತ್ತೆ ಹೊಸಿಲು ತುಳಿಯಲಿಲ್ಲ. ಅದು ನನ್ನ ಹೊಟ್ಟೆಯೊಳಗೂ ಇದ್ದ ಪ್ರಶ್ನೆಯೇ ಗುಬ್ಬೀ, ನಾನು ಬಾಯಿಬಿಟ್ಟಿರಲಿಲ್ಲ ಅಷ್ಟೆ.

ಈಗ ಕೇಳಿ ಫಲವಿಲ್ಲ. ಚಳಿಗಾಲದಿಂದೀಚೆಗೆ ಅವರ ನೆನಪು ಒಂದೊಂದಾಗಿ ಕಳಚುತ್ತಿದೆ. ಮೊದಲು ಬಣ್ಣಗಳ ಹೆಸರು ಹೋಯಿತು, ಆಮೇಲೆ ಬೀದಿ, ಆಮೇಲೆ ನಾನು. ಗೋಡೆಯ ಮೇಲಿನ ಮದುವೆ ಫೋಟೋ ತೋರಿಸಿದರೆ, "ಹುಡುಗಿ ಲಕ್ಷಣವಾಗಿದ್ದಾಳೆ, ಯಾರ ಮನೆಯವಳು?" ಎನ್ನುತ್ತಾರೆ. ನಗು ಬರುತ್ತದೆ, ಹಿಂದೆಯೇ ಅಳು. ಡಾಕ್ಟರು ಗುಣವಾಗುವ ಮಾತನ್ನೇ ಎತ್ತುವುದಿಲ್ಲ. ಊಟ ತೀರಾ ಕಡಿಮೆಯಾಗಿದೆ, ಗುರುತಿಲ್ಲದವಳ ಕೈತುತ್ತು ಬೇಡವೆಂದು ಬಾಯಿ ಬಿಗಿದು ಕೂರುತ್ತಾರೆ.

ಮ್ಯೂಸಿಯಂನಲ್ಲಿ ಎಲ್ಲವನ್ನೂ ಬೇರೆ ಯಾರೋ ಬರೆದದ್ದೆಂಬಂತೆ ನೋಡುತ್ತ ಬಂದರು. ಹಸಿರು ಗೌನಿನ ಚಿತ್ರದ ಮುಂದೆ ನಿಂತುಬಿಟ್ಟರು. ಪಕ್ಕದ ಬೊಂಬೆಯ ಮೇಲೆ ನಿಜವಾದ ಗೌನೇ ಇತ್ತು, ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಚಿತ್ರದ ಎಡಭುಜಕ್ಕೆ, ನಿನ್ನನ್ನು ಎತ್ತಿ ಎತ್ತಿ ಸ್ವಲ್ಪ ವಾಲಿದೆಯಲ್ಲ, ಆ ಭುಜಕ್ಕೆ ಕೈ ಚಾಚಿದರು. ಕಾವಲಿನವನು ಓಡಿಬಂದ. ಅವನಿಗೆ ಮೆಲ್ಲಗೆ, "ಇವಳು ನನ್ನ ಹೆಂಡ್ತಿ ಕಣಪ್ಪ. ಮುಖ ಬೇರೆಯವರದ್ದು," ಎಂದರು. ನಾನು ಅವರ ಕೈ ಹಿಡಿದುಕೊಂಡೆ. ತಿರುಗಿ ನೋಡಿ, ಕೈ ಬಿಡಿಸಿಕೊಂಡು, ತುಂಬ ಮರ್ಯಾದೆಯಿಂದ, "ನೀವು ಯಾರಮ್ಮಾ?" ಎಂದರು.

ಮನೆಗೆ ಬರುವವರೆಗೂ ಕಾರಿನಲ್ಲಿ ಅಳುತ್ತಲೇ ಇದ್ದೆ. ಪಾಪ, ನಿಮ್ಮಪ್ಪ ತಮ್ಮ ಕರವಸ್ತ್ರ ಕೊಟ್ಟರು.

ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ಮರೆತಿದ್ದೆ: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಮೊನ್ನೆ ಮನೆಯಲ್ಲಿ ತೊಡುವ ಹಳೇ ಅಂಗಿ ತೊಟ್ಟು ಕಿಟಕಿಯ ಕಡೆ ಮುಖ ಮಾಡಿ ಬಟ್ಟೆ ಮಡಚುತ್ತಿದ್ದೆ. ಹಿಂದಿನಿಂದ, "ಇವಳೇ, ಕೈ ನೋಯ್ತಾ? ಸಾಕು, ಬಾ," ಎಂದರು. ತಿರುಗಿದೆ, ಮತ್ತೆ ಅಪರಿಚಿತಳಾದೆ. ಅಂದಿನಿಂದ ದಿನಾ ಅವರಿಗೆ ಬೆನ್ನು ಮಾಡಿ ಕೂತು, ತಟ್ಟೆಯನ್ನು ಹಿಂದಕ್ಕೆ ಚಾಚುತ್ತೇನೆ, ನನ್ನ ಜೊತೆ ಮಾತಾಡುತ್ತ ನಾಲ್ಕು ತುತ್ತು ತಿನ್ನುತ್ತಾರೆ. ನೀನು ಒಂದು ಸಲ ಬಾ ಗುಬ್ಬೀ. ಅವರನ್ನು ಕ್ಷಮಿಸು ಎನ್ನುತ್ತಿಲ್ಲ. ಅವರ ಎದುರಿಗೆ ಕೂತು ನೋಡಿ ಹೇಳು ಸಾಕು: ನನ್ನನ್ನು ಕರೆಯುವಾಗ ಅವರ ಮುಖ ಹೇಗಿರುತ್ತದೆ? ನನಗೆ ಕಾಣುವುದಿಲ್ಲ.