ಒಂಬತ್ತು ಮತದ ಸೋಲು

ಮಿರಜ, ೧೯೯೭

ಜಿನಗೊಂಡಣ್ಣನವರಿಗೆ ಜಯ ಜಿನೇಂದ್ರ.

ನಮ್ಮ ಕಾಲನಿಗೆ ಗಟಾರ ಬೇಕೆಂದು ನಾನೂ ನಿಮ್ಮ ವಾರ್ಡಿನಲ್ಲಿ ಇಂಡಿಪೆಂಡೆಂಟ್ ಆಗಿ ಚುನಾವಣೆಗೆ ನಿಂತೆ. ನನಗೆ ಮೂವತ್ತೊಂದು ಮತ ಬಿದ್ದವು. ನೀವು ಒಂಬತ್ತು ಮತದಿಂದ ಸೋತಿರಿ. ತಂಗಿಯ ಗಂಡನಾದ ನನಗೆ “ದಾಜಿ, ನೀವ ನನ್ನ ಕೆಡವಿದ್ರಿ” ಎಂದಿರಿ. ಕಾಲೇಜಿನಲ್ಲಿ ಕಾಜ್ ಆ್ಯಂಡ್ ಎಫೆಕ್ಟ್, ಯಾವುದರಿಂದ ಯಾವುದಾಯಿತು ಎಂದೇನೋ ಓದಿದ್ದೆ, ಅರ್ಧ ಮರೆತಿದೆ. ನಾನು ನಿಲ್ಲದಿದ್ದರೆ ಯಾರಿಗೆ ಹಾಕುತ್ತಿದ್ದಿರಿ ಎಂದು ಮನೆಮನೆಗೆ ಹೋಗಿ ಕೇಳಿದರೆ ಅರವತ್ತು ಮಂದಿ “ನಿಮಗ ಹಾಕೇವ್ರಿ” ಎಂದರು! ಕಾಲನಿಯ ಸೀತವ್ವ ಮಾತ್ರ, “ನೀವು ನಿಲ್ಲದಿದ್ರ ನಾ ಮನ್ಯಾಗ ಕುಂದರ್ತಿದ್ದೆ” ಎಂದಳು. ನಿಮ್ಮನ್ನು ಸೋಲಿಸಿದ್ದು ನಾನೋ ಅಲ್ಲವೋ, ತಿಳಿಯಲಿಲ್ಲ.

ರವಿವಾರ ನಮ್ಮ ಮಗಳು ಪ್ರಣಾಲಿಯ ಮದುವೆ. ಅಕ್ಷತೆಯ ಹೊತ್ತಿಗೆ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು. ನಿಮ್ಮ ತಂಗಿ ಬದುಕಿದ್ದಿದ್ದರೆ ತಾನೇ ಬಂದು ಕರೆಯುತ್ತಿದ್ದಳು. ನನ್ನೊಡನೆ ಮಾತಾಡದಿದ್ದರೂ ಸರಿ, ಬಂದು ನಿಲ್ಲಿರಿ. ಅಕ್ಷತೆ ಬೀಳುವ ತನಕ ನಾನು ಅಡುಗೆಯವರ ಕಡೆ ಇರುತ್ತೇನೆ.

ನಿಮ್ಮ ದಾಜಿ,
ಭರತೇಶ