‘ಒಂದು’ ಎಂದರೆ ಒಳ್ಳೆಯದೋ ಕೆಟ್ಟದ್ದೋ?

ರೇಡಿಯೋ ಖಗೋಳ ದತ್ತಾಂಶದ ಏಕರೂಪ ಮಾನದಂಡ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಇಪ್ಪತ್ತಾರು ವರ್ಷ ಒಂದೇ ನಕ್ಷತ್ರಕ್ಕೆ ಕಿವಿಗೊಟ್ಟು ಕೂತ ಹೆಂಗಸಿನ ದುಡಿಮೆಯನ್ನು ನಿಮ್ಮ ಸಮಿತಿ ಒಂದೂವರೆ ಸಾಲಿನಲ್ಲಿ ‘ಬಳಕೆಗೆ ಅನರ್ಹ’ ಎಂದು ಬರೆದು ಕಳಿಸಿದೆ. ಬರುವ ಸೋಮವಾರದೊಳಗೆ ಮೂಲ ಕಡತಗಳನ್ನು ಅಳಿಸಿ, ಅಳಿಸಿದ್ದೇನೆಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕೆಂದು ನನಗೆ, ಅಂದರೆ ಈ ವೀಕ್ಷಣಾಲಯದ ದತ್ತಾಂಶ ಪಾಲಕನಿಗೆ, ಆದೇಶವೂ ಬಂದಿದೆ. ಸಹಿ ಹಾಕುವುದಿಲ್ಲ. ಏಕೆಂದು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರೇ ಹೇಳುತ್ತೇನೆ. ಕಚೇರಿಗೆ ಬರೆದ ನಾಲ್ಕು ಪತ್ರಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರಿನ ಹೊರತು ಬೇರೆ ಉತ್ತರ ಬಂದಿಲ್ಲ.

ನಿಮ್ಮ ಸಮಿತಿ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೇ. ಒಂದೊಂದು ದೂರದರ್ಶಕದವರು ತಮಗೆ ತೋಚಿದಂತೆ ದತ್ತಾಂಶ ಬರೆದಿಡುತ್ತಾರೆ. ಒಬ್ಬರ ಕಡತ ಇನ್ನೊಬ್ಬರ ಯಂತ್ರಕ್ಕೆ ಅರ್ಥವಾಗದು. ಎಲ್ಲರೂ ಒಪ್ಪುವ ಒಂದು ಪದ್ಧತಿ ಬೇಕಿತ್ತು. ಅದಕ್ಕಾಗಿ ನೀವು ಆರು ವರ್ಷ ಸಭೆ ಸೇರಿದಿರಿ. ದತ್ತಾಂಶದ ಯಾವ ತುಣುಕು ಚೊಕ್ಕವಾಗಿದೆ, ಯಾವುದು ಕೆಟ್ಟಿದೆ ಎಂದು ತಿಳಿಸುವ ಕಾಲಮ್ಮಿಗೆ ‘ಗುರುತು’ ಎನ್ನಬೇಕೋ ‘ಸೂಚಕ’ ಎನ್ನಬೇಕೋ ಎಂಬ ಚರ್ಚೆಯೊಂದೇ ಹದಿನಾಲ್ಕು ತಿಂಗಳು ನಡೆಯಿತು. ನಡಾವಳಿ ಪೂರ್ತಿ ಓದಿದ್ದೇನೆ. ಕೊನೆಗೆ ‘ಸೂಚಕ’ ಗೆದ್ದಿತು, ಅಭಿನಂದನೆಗಳು. ಆದರೆ ಆ ಕಾಲಮ್ಮಿನಲ್ಲಿ ‘ಒಂದು’ ಎಂದಿದ್ದರೆ ತುಣುಕು ಒಳ್ಳೆಯದೋ ಕೆಟ್ಟದ್ದೋ? ಇನ್ನೂರ ಹನ್ನೆರಡು ಪುಟಗಳ ನಿಮ್ಮ ಮಾನದಂಡದಲ್ಲಿ ಆ ಒಂದು ವಾಕ್ಯವಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ; ಇಲ್ಲಿ ಮೂಗೇ ಇಲ್ಲ.

ನಮ್ಮಲ್ಲಿ ಒಂದು ಎಂದರೆ ಒಳ್ಳೆಯದು. ಅದಕ್ಕೆ ಕಾರಣ ನಾವೆಲ್ಲ ‘ಟಿಕ್ಕಕ್ಕ’ ಎಂದು ಕರೆಯುವ ಹಿರಿಯ ವೀಕ್ಷಕಿ. ಇಲ್ಲಿಗೆ ಬರುವ ಮೊದಲು ಅವರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಕಾಗದದ ಸುರುಳಿಯ ಮೇಲೆ ಗೆರೆ ಮೂಡುತ್ತಿದ್ದ ಕಾಲದಲ್ಲಿ ಚೊಕ್ಕ ಭಾಗಕ್ಕೆ ಕೆಂಪು ಪೆನ್ನಿನಿಂದ ಸರಿ ಎಂಬ ಟಿಕ್ ಗುರುತು, ಮಿಂಚಿನಿಂದಲೋ ಪಂಪಿನ ಮೋಟಾರಿನಿಂದಲೋ ಕೆಟ್ಟ ಭಾಗಕ್ಕೆ ತಪ್ಪು ಗುರುತು ಹಾಕುತ್ತಿದ್ದರು. ಕಂಪ್ಯೂಟರ್ ಬಂದಾಗ ಸರಿ ‘ಒಂದು’ ಆಯಿತು, ತಪ್ಪು ‘ಸೊನ್ನೆ’. ಎಲ್ಲರ ದತ್ತಾಂಶವೂ ಸೇರುವ ನಿಮ್ಮ ಕೇಂದ್ರ ಭಂಡಾರ ಕಟ್ಟಿದವರಿಗೋ ಒಂದು ಎಂದರೆ ‘ದೋಷ ಇದೆ’. ಇಬ್ಬರದೂ ತರ್ಕವೇ. ಇಬ್ಬರನ್ನೂ ಎದುರು ಕೂರಿಸಿ ಕೇಳಬೇಕಾಗಿದ್ದವರು ನೀವು.

ಕೇಳಲಿಲ್ಲ. ನಿಮ್ಮ ತಂತ್ರಾಂಶ ಕಾಳು ಚೆಲ್ಲಿ ಜೊಳ್ಳನ್ನು ಕಣಜಕ್ಕೆ ತುಂಬಿತು. ಜೊಳ್ಳಿನಲ್ಲಿ ಆ ನಕ್ಷತ್ರ ತಾಳಬದ್ಧವಾಗಿ ಕಳಿಸುವ ರೇಡಿಯೋ ಮಿಡಿತ ಕಾಣದೆ ‘ಅನರ್ಹ’ ಎಂದು ಷರಾ ಬರೆಯಿತು. ಮೂರು ವರ್ಷದ ಹಿಂದೆ ತಾವು ಸದಸ್ಯರೊಡನೆ ಇಲ್ಲಿಗೆ ತಪಾಸಣೆಗೆ ಬಂದದ್ದು ನೆನಪಿದೆಯೇ? ಗೇಟಿನ ಫಲಕ ಓದಿಯೂ ಯಾರೂ ಮೊಬೈಲ್ ಆರಿಸಲಿಲ್ಲ. ಅಕ್ಕ ಆ ದಿನಕ್ಕೆ ಪೂರ್ತಿ ಸೊನ್ನೆ ಹಾಕಿದರು. ಈಗ ತಮ್ಮ ಮೊಬೈಲುಗಳ ಗದ್ದಲವೇ ಉತ್ತಮ ದರ್ಜೆಯ ಖಗೋಳ ದತ್ತಾಂಶವೆಂದು ಕೇಂದ್ರ ಭಂಡಾರದಲ್ಲಿ ಮುಂದಿನ ಪೀಳಿಗೆಗಾಗಿ ಭದ್ರವಾಗಿದೆ. ನಾನು ತಪ್ಪನ್ನು ಪತ್ತೆ ಹಚ್ಚಿದ್ದೂ ಆ ಕಡತದಲ್ಲೇ. ಆ ನಕ್ಷತ್ರ ಇಷ್ಟು ವರ್ಷಗಳಲ್ಲಿ ಎರಡೇ ಸಲ ತಾಳ ತಪ್ಪಿದೆ; ಎರಡನ್ನೂ ದಾಖಲಿಸಿದ್ದು ಇಡೀ ಲೋಕದಲ್ಲಿ ಅಕ್ಕ ಒಬ್ಬರೇ. ಆ ಎರಡು ದಿನಗಳು ನಿಮ್ಮ ಕಸದ ಬುಟ್ಟಿಯಲ್ಲಿವೆ; ಇಲ್ಲಿನ ಮೂಲವನ್ನೂ ಅಳಿಸಿದರೆ ಎಲ್ಲೂ ಉಳಿಯುವುದಿಲ್ಲ. ನಕ್ಷತ್ರವನ್ನು ಮರುಪರೀಕ್ಷೆಗೆ ಕೂರಿಸಲು ಬರುವುದಿಲ್ಲ, ಮಾನ್ಯರೇ. ನಿಮ್ಮ ಕಾರ್ಯದರ್ಶಿಗೆ ಫೋನ್ ಮಾಡಿದರೆ ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಅದು ಯಾವಾಗ ಎಂದೆ. ಅದನ್ನು ನಿರ್ಧರಿಸಲು ಉಪಸಮಿತಿ ಇದೆಯಂತೆ.

ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಡತ ಕಳಿಸಿದವನು ನಾನು. ಮಾನದಂಡ ಬಂದಿದೆಯಲ್ಲ ಎಂದು ನಂಬಿ, ನಿಮ್ಮ ‘ಒಂದು’ ಯಾವುದೆಂದು ವಿಚಾರಿಸದೆ ಕಳಿಸಿದೆ. ನಿಮ್ಮ ವರದಿ ಬಂದ ದಿನ ಅಕ್ಕ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ಹಂಗಾದ್ರೆ ಇಷ್ಟು ವರ್ಷ ನಾನು ಸುಮ್ನೆ ಕೂತಿದ್ನಾ, ತಮ್ಮಾ?”

ಅವರು ಯಂತ್ರವನ್ನು ಅನುಮಾನಿಸಲಿಲ್ಲ, ಸಮಿತಿಯನ್ನೂ ಅನುಮಾನಿಸಲಿಲ್ಲ. ಮೂರು ವಾರ ತಮ್ಮ ನೋಟುಪುಸ್ತಕಗಳನ್ನೇ ತಿರುವಿ ತಿರುವಿ ತಮ್ಮ ತಪ್ಪು ಹುಡುಕಿದರು. ಸಿಗಲಿಲ್ಲ. ತಪ್ಪು ಕಾಣುವಷ್ಟು ಕಣ್ಣೂ ತಮಗಿನ್ನು ಉಳಿದಿಲ್ಲ ಎಂದುಕೊಂಡು ಕೆಲಸ ಬಿಟ್ಟರು. ಆಮೇಲೆ ಒಂಬತ್ತು ದಿನಕ್ಕೆ ನನಗೆ ವಿಷಯ ಹೊಳೆಯಿತು; ಮನೆಗೆ ಓಡಿದೆ. ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

“ನೀನು ಹೇಳಿದ್ರೆ ನನ್ನ ಸಮಾಧಾನಕ್ಕೆ ಹೇಳ್ತಿದೀಯ ಅನ್ಸುತ್ತೆ. ಬರೆದವ್ರೇ ಬರೀಲಿ.”

ಇದನ್ನು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಳಿಸುವ ಆದೇಶವನ್ನು ಸೋಮವಾರಕ್ಕೆ ಮೊದಲೇ ಹಿಂಪಡೆಯಿರಿ. ಮಾನದಂಡಕ್ಕೆ ಆ ಒಂದು ವಾಕ್ಯ ಸೇರಿಸಿ. ಬೇಕಾದರೆ ಒಂದು ಎಂದರೆ ಕೆಟ್ಟದ್ದೆಂದೇ ಬರೆಯಿರಿ, ನಮ್ಮದನ್ನು ತಿರುಗಿಸಿ ಬರೆಯಲು ನನಗೆ ಒಂದು ಮಧ್ಯಾಹ್ನ ಸಾಕು. ಅದೆಲ್ಲಕ್ಕೂ ಮೊದಲು ಅಕ್ಕನಿಗೆ ಪತ್ರ ಬರೆಯಿರಿ. ಕರಡು ಬೇಡ, ಉಪಸಮಿತಿ ಬೇಡ. ನಿಮ್ಮ ದತ್ತಾಂಶ ಸರಿಯಿತ್ತು, ನಾವು ತಲೆಕೆಳಗಾಗಿ ಓದಿದೆವು ಎಂದು ನಿಮ್ಮ ಕೈಯಾರೆ ಬರೆದರೆ ಸಾಕು. ಆ ನಕ್ಷತ್ರ ಈಗಲೂ ದಿನವೂ ನಮ್ಮ ದೂರದರ್ಶಕದ ಮೇಲೆ ಹಾದುಹೋಗುತ್ತಿದೆ. ನಲವತ್ತೊಂದು ದಿನದಿಂದ ಅದನ್ನು ಕೇಳುವವರಿಲ್ಲ.

ಇಂತಿ,
ವಿಚಾರಿಸದೆ ಕಳಿಸಿದ ತಪ್ಪಿಗೆ ಅಕ್ಕನ ಖಾಲಿ ಕುರ್ಚಿಯ ಎದುರು ದಿನವೂ ಕೂರುವ
ದತ್ತಾಂಶ ಪಾಲಕ